ಮಾತು ಬಾರದವರಿಗೆ ನೆರವಾಗುವ ಸಾಧನಗಳು: ಚಿತ್ರಫಲಕದಿಂದ ಕಣ್ಣೋಟದ ಕಂಪ್ಯೂಟರ್‌ವರೆಗೆ

ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇರುವ ಮಗು, ನಾಲ್ಕು ವರ್ಷವಾದರೂ ಮಾತನಾಡದ ಆಟಿಸಂ ಮಗು, ಲಕ್ವ ಹೊಡೆದು ಮಾತು ನಿಂತ ಹಿರಿಯರು, ಗಂಟಲಿನ ಕ್ಯಾನ್ಸರ್‌ನಿಂದ ಧ್ವನಿಪೆಟ್ಟಿಗೆ ಕಳೆದುಕೊಂಡವರು. ಇವರ ಕಾಯಿಲೆಗಳು ಬೇರೆ ಬೇರೆಯಾದರೂ ದಿನನಿತ್ಯದ ಕಷ್ಟ ಒಂದೇ. ಹೇಳಬೇಕಾದ್ದು ಮನಸ್ಸಿನಲ್ಲಿದೆ, ಅದು ಬಾಯಿಂದ ಹೊರಗೆ ಬರುತ್ತಿಲ್ಲ. ಎಲ್ಲಿ ನೋಯುತ್ತಿದೆ, ಏನು ಬೇಕು, ಯಾರ ಮೇಲೆ ಕೋಪ, ಯಾವ ವಿಷಯಕ್ಕೆ ಒಪ್ಪಿಗೆ ಇಲ್ಲ ಎಂಬುದನ್ನು ಪಕ್ಕದವರು ಊಹಿಸುತ್ತಲೇ ಇರಬೇಕಾಗುತ್ತದೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಮಾತಿನ ವೈಕಲ್ಯ ಇರುವವರು ಸುಮಾರು 20 ಲಕ್ಷ ಮಂದಿ. ಆ ಗಣತಿಯಲ್ಲಿ ಆಟಿಸಂ ಮತ್ತು ಸೆರೆಬ್ರಲ್ ಪಾಲ್ಸಿಗೆ ಪ್ರತ್ಯೇಕ ಕಾಲಂ ಇರಲಿಲ್ಲ. ಹಾಗಾಗಿ ಮಾತಿಗೆ ನೆರವು ಬೇಕಾದ ಹಲವರು ಬೇರೆ ಪಟ್ಟಿಗಳಲ್ಲಿ ಸೇರಿಹೋಗಿದ್ದಾರೆ. ಇವರಿಗಾಗಿ ಕಳೆದ ಆರು ದಶಕಗಳಲ್ಲಿ ಹಲವು ಸಾಧನಗಳು ಬಂದಿವೆ. ಕೆಲವಕ್ಕೆ ಲಕ್ಷಾಂತರ ರೂಪಾಯಿ ಬೇಕು. ಇನ್ನು ಕೆಲವನ್ನು ಒಂದು ರಟ್ಟು, ಒಂದು ಪೆನ್ನಿನಿಂದ ಇಂದು ಸಂಜೆಯೇ ಮನೆಯಲ್ಲಿ ಮಾಡಿಕೊಳ್ಳಬಹುದು. ಇವುಗಳ ಬಗ್ಗೆ, ಅದರಲ್ಲೂ ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡ ಮನೆಗಳು ಗಮನಿಸಬೇಕಾದ ವಿಷಯಗಳ ಬಗ್ಗೆ ಇಲ್ಲಿದೆ ಮಾಹಿತಿ.

ಎಎಸಿ ಎಂದರೇನು?

ಮಾತಿಗೆ ಪೂರಕವಾಗಿ ಅಥವಾ ಮಾತಿನ ಬದಲಾಗಿ ಬಳಸುವ ಎಲ್ಲ ವಿಧಾನಗಳನ್ನು ಒಟ್ಟಾಗಿ 'ಪೂರಕ ಮತ್ತು ಪರ್ಯಾಯ ಸಂವಹನ' ಎನ್ನುತ್ತಾರೆ. ಸ್ಪೀಚ್ ಥೆರಪಿಸ್ಟ್‌ಗಳ ಬಾಯಲ್ಲಿ ಇದು 'ಎಎಸಿ'. ಇದರಲ್ಲಿ ಎರಡು ಬಗೆ. ಮೊದಲನೆಯದಕ್ಕೆ ಯಾವ ವಸ್ತುವೂ ಬೇಡ: ಕೈಸನ್ನೆ, ತಲೆಯಾಡಿಸುವುದು, ಕಣ್ಣು ಮಿಟುಕಿಸುವುದು, ಸಂಜ್ಞಾ ಭಾಷೆ. ಎರಡನೆಯದಕ್ಕೆ ಏನಾದರೊಂದು ಸಾಧನ ಬೇಕು: ಚಿತ್ರಗಳ ಹಾಳೆ, ಅಕ್ಷರ ಫಲಕ, ಗುಂಡಿ ಒತ್ತಿದರೆ ಮಾತನಾಡುವ ಪೆಟ್ಟಿಗೆ, ಮೊಬೈಲ್ ಆ್ಯಪ್, ಕಣ್ಣಿನ ಚಲನೆ ಗುರುತಿಸುವ ಕಂಪ್ಯೂಟರ್.

ಒಬ್ಬರೇ ವ್ಯಕ್ತಿ ಇವುಗಳಲ್ಲಿ ಎರಡು ಮೂರನ್ನು ಒಟ್ಟಿಗೆ ಬಳಸುವುದು ಸಾಮಾನ್ಯ. ತಾಯಿಯ ಜೊತೆ ಕಣ್ಸನ್ನೆ ಸಾಕು. ಶಾಲೆಯಲ್ಲಿ ಟ್ಯಾಬ್ಲೆಟ್ ಬೇಕು. ಸ್ನಾನದ ಮನೆಯಲ್ಲಿ ಅಥವಾ ಕರೆಂಟ್ ಇಲ್ಲದಾಗ ಲ್ಯಾಮಿನೇಟ್ ಮಾಡಿದ ಹಾಳೆಯೇ ಅನುಕೂಲ. ದುಬಾರಿ ಸಾಧನ ಇದ್ದವರೂ ಒಂದು ಹಾಳೆಯನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಯಾರಿಗೆ ಉಪಯೋಗ?

* ಸೆರೆಬ್ರಲ್ ಪಾಲ್ಸಿ: ಬುದ್ಧಿ ಚೆನ್ನಾಗಿದ್ದರೂ ತುಟಿ, ನಾಲಿಗೆ, ಉಸಿರಿನ ಸ್ನಾಯುಗಳ ಮೇಲೆ ಹಿಡಿತ ಇಲ್ಲದೆ ಮಾತು ತೊಡಕಾಗಬಹುದು ಅಥವಾ ಬಾರದೇ ಇರಬಹುದು.
* ಆಟಿಸಂ: ಕೆಲವು ಮಕ್ಕಳಿಗೆ ಮಾತು ತಡವಾಗಿ ಬರುತ್ತದೆ. ಕೆಲವರಿಗೆ ಬರುವುದೇ ಇಲ್ಲ. ಕೇಳಿದ್ದಕ್ಕಿಂತ ಕಂಡದ್ದು ಇವರಲ್ಲಿ ಹಲವರಿಗೆ ಬೇಗ ತಿಳಿಯುತ್ತದೆ.
* ಅಫೇಸಿಯಾ: ಲಕ್ವ ಅಥವಾ ತಲೆಗೆ ಪೆಟ್ಟಾದ ಮೇಲೆ ಪದಗಳು ನೆನಪಿಗೆ ಬಾರದಿರುವುದು, ಇಲ್ಲವೇ ಬೇಕಾದ ಪದದ ಬದಲು ಬೇರೊಂದು ಬರುವುದು.
* ಮೋಟಾರ್ ನ್ಯೂರಾನ್ ಕಾಯಿಲೆ: ಸ್ನಾಯುಗಳು ಒಂದೊಂದಾಗಿ ಶಕ್ತಿ ಕಳೆದುಕೊಳ್ಳುತ್ತವೆ. ಹಲವರಲ್ಲಿ ಯೋಚನಾಶಕ್ತಿ ಹಾಗೆಯೇ ಉಳಿಯುತ್ತದೆ.
* ಧ್ವನಿಪೆಟ್ಟಿಗೆಯ ಶಸ್ತ್ರಚಿಕಿತ್ಸೆ: ಗಂಟಲಿನ ಕ್ಯಾನ್ಸರ್‌ನಿಂದಾಗಿ ಸ್ವಂತ ಧ್ವನಿ ಹೋದವರು.
* ತಾತ್ಕಾಲಿಕ ತೊಂದರೆ: ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವ, ಪ್ರಜ್ಞೆ ಇದ್ದೂ ಮಾತನಾಡಲಾಗದ ರೋಗಿಗಳು. 'ನೋವು', 'ಬಾಯಾರಿಕೆ', 'ಮಗ್ಗುಲು ಬದಲಿಸಿ', 'ಮನೆಯವರನ್ನು ಕರೆಯಿರಿ' ಎಂಬ ನಾಲ್ಕು ಚೌಕಗಳ ಹಾಳೆ ಕೂಡ ಇವರಿಗೆ ದೊಡ್ಡ ಆಸರೆ.

ಬೆಳೆದು ಬಂದ ದಾರಿ

1960ರಲ್ಲಿ ಬ್ರಿಟನ್‌ನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ರೆಗ್ ಮೇಲಿಂಗ್ ಒಂದು ಟೈಪ್‌ರೈಟರ್ ವ್ಯವಸ್ಥೆ ರೂಪಿಸಿದರು. ಕೈಕಾಲು ಆಡದ ರೋಗಿಗಳು ಒಂದು ಕೊಳವೆಯನ್ನು ಊದಿ ಅಥವಾ ಹೀರಿ ಅದನ್ನು ನಡೆಸಬಹುದಿತ್ತು. 'ಪೋಸಮ್' ಎಂದು ಹೆಸರಾದ ಇದು ಈ ಕ್ಷೇತ್ರದ ಮೊದಲ ವಿದ್ಯುತ್ ಸಾಧನಗಳಲ್ಲಿ ಒಂದು.

1971ರಲ್ಲಿ ಕೆನಡಾದ ಟೊರಾಂಟೊದಲ್ಲಿ ಶರ್ಲಿ ಮೆಕ್‌ನಾಟನ್ ಮತ್ತು ಸಹೋದ್ಯೋಗಿಗಳು ಓದು ಬಾರದ, ಮಾತೂ ಬಾರದ ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ 'ಬ್ಲಿಸ್ ಚಿಹ್ನೆ'ಗಳನ್ನು ಕಲಿಸಿದರು. ಇವು ಚಾರ್ಲ್ಸ್ ಬ್ಲಿಸ್ ಎಂಬುವರು ಎಲ್ಲ ದೇಶದವರಿಗೂ ಅರ್ಥವಾಗಲಿ ಎಂದು ರೂಪಿಸಿದ್ದ ಚಿತ್ರಲಿಪಿ. ಅವರ ಉದ್ದೇಶ ಬೇರೆಯೇ ಇತ್ತು. ಆದರೆ ಅದರ ದೊಡ್ಡ ಪ್ರಯೋಜನ ಸಿಕ್ಕಿದ್ದು ಈ ಮಕ್ಕಳಿಗೆ. ಚಿಹ್ನೆಯತ್ತ ಬೆರಳು ತೋರಿಸಿ ಅವರು ವಾಕ್ಯ ಕಟ್ಟಲು ಕಲಿತರು. 1983ರಲ್ಲಿ ಈ ಕ್ಷೇತ್ರದ ಅಂತಾರಾಷ್ಟ್ರೀಯ ಸಂಘಟನೆ 'ಐಸಾಕ್' ಹುಟ್ಟಿತು. 1985ರಲ್ಲಿ ಅಮೆರಿಕದಲ್ಲಿ ಆಟಿಸಂ ಮಕ್ಕಳಿಗಾಗಿ ಚಿತ್ರ ಕೊಟ್ಟು ವಸ್ತು ಪಡೆಯುವ 'ಪೆಕ್ಸ್' ವಿಧಾನ ಬಂತು. ಇಂದು ಭಾರತದ ಅನೇಕ ವಿಶೇಷ ಶಾಲೆಗಳಲ್ಲೂ ಇದು ಬಳಕೆಯಲ್ಲಿದೆ.

ಜನಸಾಮಾನ್ಯರಿಗೆ ಈ ತಂತ್ರಜ್ಞಾನದ ಪರಿಚಯ ಮಾಡಿಸಿದ್ದು ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್. 1985ರಲ್ಲಿ ನ್ಯುಮೋನಿಯಾ ಆಗಿ ಕೊರಳಿಗೆ ರಂಧ್ರ ಮಾಡಿಸಿಕೊಂಡ ನಂತರ ಅವರ ಮಾತು ಪೂರ್ತಿ ನಿಂತಿತು. ಆರಂಭದಲ್ಲಿ ಪಕ್ಕದವರು ಅಕ್ಷರಗಳ ಕಾರ್ಡ್ ತೋರಿಸುತ್ತಿದ್ದರು, ಬೇಕಾದ ಅಕ್ಷರ ಬಂದಾಗ ಹಾಕಿಂಗ್ ಹುಬ್ಬು ಏರಿಸುತ್ತಿದ್ದರು. ಆಮೇಲೆ ವಾಲ್ಟರ್ ವೋಲ್ಟೋಸ್ ಎಂಬ ಎಂಜಿನಿಯರ್ ಬರೆದ 'ಈಕ್ವಲೈಜರ್' ತಂತ್ರಾಂಶ ಸಿಕ್ಕಿತು. ಕೈಯಲ್ಲಿನ ಒಂದೇ ಸ್ವಿಚ್ ಒತ್ತಿ ಪರದೆಯ ಮೇಲಿನ ಪದ ಆರಿಸಿದರೆ ಯಂತ್ರ ಅದನ್ನು ಉಚ್ಚರಿಸುತ್ತಿತ್ತು. ಈ ರೀತಿಯಲ್ಲಿ ನಿಮಿಷಕ್ಕೆ ಸುಮಾರು 15 ಪದ ಹೇಳಬಹುದಿತ್ತು. ಸಾಮಾನ್ಯ ಇಂಗ್ಲಿಷ್ ಮಾತಿನ ವೇಗ ನಿಮಿಷಕ್ಕೆ 150 ಪದಗಳ ಆಸುಪಾಸು ಎಂಬುದನ್ನು ನೆನೆದರೆ ಅಂತರ ತಿಳಿಯುತ್ತದೆ.

ಕೈಬೆರಳು ಸೋತಾಗ ಕನ್ನಡಕಕ್ಕೆ ಸಣ್ಣ ಸೆನ್ಸರ್ ಅಳವಡಿಸಿ, ಕೆನ್ನೆಯ ಸ್ನಾಯುವಿನ ಅಲುಗಾಟವನ್ನೇ ಸ್ವಿಚ್ ಆಗಿಸಲಾಯಿತು. ಹಾಕಿಂಗ್‌ಗಾಗಿ ಇಂಟೆಲ್ ಕಂಪನಿ ಸಿದ್ಧಪಡಿಸಿದ 'ಅಕ್ಯಾಟ್' ತಂತ್ರಾಂಶವನ್ನು 2015ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಡುಗಡೆ ಮಾಡಲಾಯಿತು. ಹೊಸ, ಹೆಚ್ಚು ಸಹಜವಾದ ಧ್ವನಿಗಳು ಬಂದರೂ ಹಾಕಿಂಗ್ ತಮ್ಮ ಹಳೆಯ ಯಾಂತ್ರಿಕ ಧ್ವನಿಯನ್ನು ಬದಲಿಸಲು ಒಪ್ಪಲಿಲ್ಲ. ಅಷ್ಟು ವರ್ಷಗಳಲ್ಲಿ ಅದು ಅವರದೇ ಧ್ವನಿಯಾಗಿತ್ತು.

ಭಾರತದಲ್ಲಿ ಏನಾಗಿದೆ?

1972ರಲ್ಲಿ ಮಿಥು ಅಲೂರ್ ಮುಂಬೈಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಆರಂಭಿಸಿದರು. ಸೆರೆಬ್ರಲ್ ಪಾಲ್ಸಿ ಇರುವ ತಮ್ಮ ಮಗಳು ಮಾಲಿನಿಗೆ ತಕ್ಕ ಶಾಲೆ ಇಲ್ಲದಿದ್ದುದೇ ಇದಕ್ಕೆ ಪ್ರೇರಣೆ. ಈ ಸಂಸ್ಥೆಯ ಈಗಿನ ಹೆಸರು 'ಅಡಾಪ್ಟ್'. ಮಾಲಿನಿ ಚಿಬ್ ಮುಂಬೈನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪದವಿ ಪಡೆದು, ಲಂಡನ್‌ನಲ್ಲಿ ಉನ್ನತ ವ್ಯಾಸಂಗ ಮಾಡಿದರು. 2010ರಲ್ಲಿ ಪ್ರಕಟವಾದ ಅವರ ಆತ್ಮಕಥೆಯ ಹೆಸರು 'ಒನ್ ಲಿಟ್ಲ್ ಫಿಂಗರ್'. ಅದನ್ನು ಅವರು ಒಂದೇ ಬೆರಳಿನಿಂದ ಟೈಪ್ ಮಾಡಿ ಬರೆದರು. ಅವರ ಬದುಕಿನಿಂದ ಪ್ರೇರಿತವಾಗಿ 2014ರಲ್ಲಿ 'ಮಾರ್ಗರಿಟಾ ವಿತ್ ಎ ಸ್ಟ್ರಾ' ಚಲನಚಿತ್ರ ಬಂತು.

ಚೆನ್ನೈನಲ್ಲಿ 1985ರಲ್ಲಿ ಪೂನಂ ನಟರಾಜನ್ ಆರಂಭಿಸಿದ ಸಂಸ್ಥೆ ಇಂದು 'ವಿದ್ಯಾಸಾಗರ್' ಎಂದು ಹೆಸರಾಗಿದೆ. ಇಲ್ಲಿನ ಮಕ್ಕಳು ಮತ್ತು ಥೆರಪಿಸ್ಟ್‌ಗಳ ಜೊತೆ ಕೆಲಸ ಮಾಡಿದ ಎಂಜಿನಿಯರ್ ಅಜಿತ್ ನಾರಾಯಣನ್ ಅವರ ತಂಡ 'ಆವಾಜ್' ಎಂಬ ಸಾಧನ ರೂಪಿಸಿತು. ವಿದೇಶಿ ಸಾಧನಗಳ ಬೆಲೆ ಕೈಗೆಟುಕದಂತಿದ್ದ ಕಾಲದಲ್ಲಿ ಭಾರತದಲ್ಲೇ ತಯಾರಾದ ಮಾತನಾಡುವ ಸಾಧನ ಇದು. ಮೊದಲು ಪ್ರತ್ಯೇಕ ಯಂತ್ರವಾಗಿದ್ದ ಆವಾಜ್ ನಂತರ ಟ್ಯಾಬ್ಲೆಟ್ ಆ್ಯಪ್ ಆಯಿತು. ಈಗ ಭಾರತೀಯ ಭಾಷೆಗಳನ್ನೂ ಒಳಗೊಂಡಿದೆ. ಐಐಟಿ ಬಾಂಬೆಯ ವಿನ್ಯಾಸ ಶಾಲೆ ಐಡಿಸಿ ರೂಪಿಸಿದ 'ಜೆಲ್ಲೊ' ಎಂಬ ಚಿತ್ರ ಆಧಾರಿತ ಆ್ಯಪ್ ಉಚಿತವಾಗಿ ಸಿಗುತ್ತದೆ.

ಕರ್ನಾಟಕದ ಕೊಡುಗೆಯೂ ದೊಡ್ಡದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶದ ಪ್ರಮುಖ ಸಂಸ್ಥೆ. ಮುಂಬೈ, ದೆಹಲಿ, ಹೈದರಾಬಾದ್‌ಗಳಲ್ಲಿ ಕೆಲಸ ಮಾಡುವ ಹಲವು ಸ್ಪೀಚ್ ಥೆರಪಿಸ್ಟ್‌ಗಳು ಇಲ್ಲಿ ಕಲಿತವರು. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ಅವರು ಗಂಟಲಿನ ಕ್ಯಾನ್ಸರ್ ರೋಗಿಗಳಿಗಾಗಿ 'ಓಂ' ಎಂಬ ಪುಟ್ಟ ಧ್ವನಿ ಸಾಧನ ರೂಪಿಸಿದರು. ಆಮದು ಸಾಧನಗಳಿಗೆ ಸಾವಿರಾರು ರೂಪಾಯಿ ಇದ್ದಾಗ ಇದರ ಬೆಲೆಯನ್ನು ಸುಮಾರು 50 ರೂಪಾಯಿಗೆ ಇಳಿಸಲಾಯಿತು. ಬೆಂಗಳೂರಿನ ಐಐಎಸ್‌ಸಿ ಸಂಶೋಧಕರು ಕಣ್ಣೋಟದಿಂದ ನಡೆಯುವ ಕಂಪ್ಯೂಟರ್ ಪರದೆಗಳ ಬಗ್ಗೆ ಚೆನ್ನೈನ ವಿದ್ಯಾಸಾಗರ್ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಿದ್ದಾರೆ.

ಯಾವ ಸಾಧನ ಯಾರಿಗೆ?

*ಚಿತ್ರಫಲಕ:* ಓದು ಬಾರದ ಮಕ್ಕಳಿಗೆ, ಅಫೇಸಿಯಾ ಇರುವ ಹಿರಿಯರಿಗೆ. ಒಂದು ಹಾಳೆಯಲ್ಲಿ ನಾಲ್ಕರಿಂದ ನಲವತ್ತು ಚಿತ್ರಗಳವರೆಗೆ, ವ್ಯಕ್ತಿಯ ದೃಷ್ಟಿ ಮತ್ತು ಕೈ ಚಲನೆಗೆ ತಕ್ಕಂತೆ. ಪುಸ್ತಕ ರೂಪದಲ್ಲಿ ಮಾಡಿ ಊಟ, ಆಟ, ಜನ, ಜಾಗ ಎಂದು ಪುಟ ವಿಂಗಡಿಸಬಹುದು.

*ಅಕ್ಷರ ಫಲಕ:* ಓದು ಬರಹ ಬಲ್ಲವರಿಗೆ. ಬೆರಳು ಆಡದಿದ್ದರೆ ಸಹಾಯಕರು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾರೆ, ವ್ಯಕ್ತಿ ಕಣ್ಣು ಮಿಟುಕಿಸಿ ಆರಿಸುತ್ತಾರೆ. ಫ್ರಾನ್ಸ್‌ನ ಪತ್ರಕರ್ತ ಜಾನ್ ಡೊಮಿನಿಕ್ ಬೋಬಿ ಅವರಿಗೆ 1995ರಲ್ಲಿ ಸ್ಟ್ರೋಕ್ ಆಗಿ ಎಡಗಣ್ಣಿನ ರೆಪ್ಪೆಯೊಂದನ್ನು ಬಿಟ್ಟು ಮಾತಿಗೆ ಬೇರೆ ದಾರಿ ಉಳಿಯಲಿಲ್ಲ. ಆ ರೆಪ್ಪೆ ಮಿಟುಕಿಸಿಯೇ ಅವರು ಒಂದು ಪೂರ್ತಿ ಪುಸ್ತಕ ಬರೆಸಿದರು.

*ಧ್ವನಿಮುದ್ರಿತ ಗುಂಡಿ:* ಒತ್ತಿದರೆ ಮೊದಲೇ ರೆಕಾರ್ಡ್ ಮಾಡಿದ ಒಂದು ವಾಕ್ಯ ಕೇಳಿಸುತ್ತದೆ. 'ಅಮ್ಮಾ, ಬಾ' ಎಂಬುದೊಂದೇ ಇದ್ದರೂ, ಕರೆದರೆ ಬರುತ್ತಾರೆ ಎಂಬುದನ್ನು ಮಗು ಕಲಿಯುತ್ತದೆ.

*ಮೊಬೈಲ್, ಟ್ಯಾಬ್ಲೆಟ್:* ಓದು ಬರಹ ಬಲ್ಲ, ಬೆರಳು ಆಡುವ ವಯಸ್ಕರಿಗೆ ಪ್ರತ್ಯೇಕ ಯಂತ್ರವೇ ಬೇಕೆಂದಿಲ್ಲ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ಸೌಲಭ್ಯ ಇದೆ. ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಹೇಳಿಸುವ ಆ್ಯಪ್ ಹಾಕಿಕೊಂಡರೆ ಫೋನೇ ಮಾತಿನ ಸಾಧನ. ಮಕ್ಕಳಿಗೆ ಚಿತ್ರ ಆಧಾರಿತ ಆ್ಯಪ್‌ಗಳು ಸೂಕ್ತ.

*ಸ್ವಿಚ್:* ಕೈಯಿಂದ ಪರದೆ ಮುಟ್ಟಲಾಗದವರಿಗೆ. ಪರದೆಯ ಮೇಲೆ ಆಯ್ಕೆಗಳು ಒಂದಾದ ಮೇಲೊಂದು ಬೆಳಗುತ್ತವೆ. ಬೇಕಾದದ್ದು ಬಂದಾಗ ತಲೆ, ಮೊಣಕಾಲು, ಕೆನ್ನೆ, ಯಾವುದು ಆಡುತ್ತದೋ ಅದರಿಂದ ಸ್ವಿಚ್ ಒತ್ತಬೇಕು.

*ಕಣ್ಣೋಟದ ಸಾಧನ:* ಇನ್‌ಫ್ರಾರೆಡ್ ಬೆಳಕು ಮತ್ತು ಕ್ಯಾಮೆರಾದ ನೆರವಿನಿಂದ, ಕಣ್ಣು ಪರದೆಯ ಯಾವ ಭಾಗ ನೋಡುತ್ತಿದೆ ಎಂದು ಗುರುತಿಸುತ್ತದೆ. ಒಂದು ಚೌಕವನ್ನು ಕ್ಷಣಕಾಲ ದಿಟ್ಟಿಸಿದರೆ ಅದು ಆಯ್ಕೆಯಾಗುತ್ತದೆ. ಬೆಲೆ ಹೆಚ್ಚು. ಬಿಸಿಲಲ್ಲಿ ಸರಿಯಾಗಿ ಕೆಲಸ ಮಾಡದಿರಬಹುದು. ಕೊಳ್ಳುವ ಮುನ್ನ ಕೆಲವು ದಿನ ಪರೀಕ್ಷಿಸಿ ನೋಡುವುದು ಅಗತ್ಯ.

ಸಾಧನ ಯಾವ ಭಾಷೆ ಮಾತನಾಡಬೇಕು?

ಕರ್ನಾಟಕದ ಹೊರಗಿನ ಕನ್ನಡ ಮನೆಗಳಿಗೆ ಇದು ಮುಖ್ಯ ಪ್ರಶ್ನೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಮಗುವಿಗೆ ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ ಅಥವಾ ತೆಲುಗು, ಮನೆಯಲ್ಲಿ ಕನ್ನಡ. ಥೆರಪಿಸ್ಟ್‌ಗೆ ಕನ್ನಡ ಬರುವುದಿಲ್ಲ, ಆ್ಯಪ್ ಇಂಗ್ಲಿಷ್‌ನಲ್ಲಿದೆ. ಹೀಗಾಗಿ ಸಾಧನ ಇಂಗ್ಲಿಷ್ ಮಾತನಾಡುತ್ತದೆ, ಅಜ್ಜಿಗೆ ಅದು ತಿಳಿಯುವುದಿಲ್ಲ. ಮಗುವಿನ ಜೊತೆ ಇಡೀ ದಿನ ಇರುವವರು ಅಜ್ಜಿಯೇ ಆಗಿದ್ದರೆ ಸಾಧನ ಥೆರಪಿ ಕೇಂದ್ರದಲ್ಲಿ ಮಾತ್ರ ಬಳಕೆಯಾಗಿ ಮನೆಯಲ್ಲಿ ಮೂಲೆ ಸೇರುತ್ತದೆ.

'ಮಾತು ಬಾರದ ಮಗುವಿಗೆ ಎರಡು ಭಾಷೆ ಬೇಡ, ಮನೆಯಲ್ಲೂ ಇಂಗ್ಲಿಷ್ ಮಾತನಾಡಿ' ಎಂಬ ಸಲಹೆ ಕೆಲವೊಮ್ಮೆ ಸಿಗುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಮಕ್ಕಳ ಭಾಷೆಗೆ ಹಾನಿಯಾಗುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರ ಇಲ್ಲ. ಮನೆಯವರು ತಮಗೆ ಸರಾಗವಲ್ಲದ ಭಾಷೆಯಲ್ಲಿ ಎರಡೇ ಪದ ಆಡುವುದಕ್ಕಿಂತ, ಸರಾಗವಾದ ಭಾಷೆಯಲ್ಲಿ ಧಾರಾಳವಾಗಿ ಮಾತನಾಡುವುದು ಮಗುವಿಗೆ ಲಾಭ.

ಕನ್ನಡದ ಫಲಕ ಮಾಡುವಾಗ ಇಂಗ್ಲಿಷ್ ಫಲಕದ ಪದಗಳನ್ನು ಒಂದೊಂದಾಗಿ ಬದಲಿಸಿದರೆ ಸಾಲದು. ಇಂಗ್ಲಿಷ್‌ನಲ್ಲಿ 'ಐ', 'ವಾಂಟ್', 'ವಾಟರ್' ಎಂಬ ಮೂರು ಚಿತ್ರ ಒತ್ತಬೇಕು. ಅದನ್ನೇ ಪದಕ್ಕೆ ಪದ ತಂದರೆ ಯಂತ್ರ 'ನಾನು ಬೇಕು ನೀರು' ಎನ್ನುತ್ತದೆ. ಕನ್ನಡದಲ್ಲಿ 'ನನಗೆ' ಬೇಕು, ಕ್ರಿಯಾಪದ ಕೊನೆಗೆ ಬರಬೇಕು. ನಿಜಕ್ಕೂ ಮನೆಯಲ್ಲಿ 'ನೀರು ಬೇಕು' ಎಂದರೆ ಮುಗಿಯಿತು, ಎರಡೇ ಚಿತ್ರ. ಬೇಕು, ಬೇಡ, ಸಾಕು, ಇಲ್ಲ, ಆಯ್ತು, ಇನ್ನೂ, ಬಾ, ಹೋಗು, ಕೊಡು, ಯಾಕೆ, ಎಲ್ಲಿ ಎಂಬ ಹತ್ತು ಹನ್ನೊಂದು ಪದಗಳಿಂದಲೇ ಕನ್ನಡದ ಮಗು ಬಹಳಷ್ಟು ಹೇಳಬಹುದು. ಇವು ಎಲ್ಲ ಪುಟಗಳಲ್ಲೂ ಒಂದೇ ಜಾಗದಲ್ಲಿರಲಿ. ಕೈ ಅಭ್ಯಾಸವಾದರೆ ಹುಡುಕುವ ಶ್ರಮ ತಪ್ಪುತ್ತದೆ.

ಇನ್ನೂ ಕೆಲವು ಅಂಶಗಳು:

* 'ಬಾ' ಮತ್ತು 'ಬನ್ನಿ' ಎರಡೂ ಇರಲಿ. ತಮ್ಮನನ್ನು ಕರೆಯುವಂತೆ ಅಜ್ಜನನ್ನು ಕರೆಯುವ ಸ್ಥಿತಿ ಬರಬಾರದು.
* ಸಿದ್ಧ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ 'ಅಂಕಲ್', 'ಆಂಟಿ' ಮಾತ್ರ ಇರುತ್ತವೆ. ಮಾವ, ಚಿಕ್ಕಪ್ಪ, ದೊಡ್ಡಮ್ಮ, ಅತ್ತೆಯರಿಗೆ ಬೇರೆ ಬೇರೆ ಚೌಕ ಮಾಡಿ ಅವರ ಫೋಟೊ ಹಾಕಿ.
* ಮನೆಯ ಮಾತೇ ಇರಲಿ. ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ 'ಆಯಿ' ಎಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ಪುಣೆಯ ಶಾಲೆಯ ಟೀಚರ್‌ಗೆ ಇದನ್ನು ಮೊದಲೇ ತಿಳಿಸಿದರೆ ಗೊಂದಲ ಇರುವುದಿಲ್ಲ.
* ಮುದ್ದೆ, ರೊಟ್ಟಿ, ಮೊಸರನ್ನ, ನೀರ್ ದೋಸೆ, ಮಗು ನಿಜವಾಗಿ ತಿನ್ನುವುದು ಯಾವುದೋ ಅದರ ಚಿತ್ರ ಇರಲಿ.
* ಕನ್ನಡ ಯಂತ್ರಧ್ವನಿ ಇಷ್ಟವಾಗದಿದ್ದರೆ ಧ್ವನಿಮುದ್ರಣ ಮಾಡಬಹುದು. ಹುಡುಗಿಯ ಸಾಧನಕ್ಕೆ ಅದೇ ವಯಸ್ಸಿನ ಹುಡುಗಿಯ ಧ್ವನಿ ಇದ್ದರೆ ಒಳ್ಳೆಯದು.

ಅಕ್ಷರ ಫಲಕಕ್ಕೆ ನಮ್ಮ ವರ್ಣಮಾಲೆ ಅನುಕೂಲಕರ. 49 ಅಕ್ಷರಗಳು ಹೆಚ್ಚೆನಿಸಿದರೂ ಅವು ಸಾಲುಸಾಲಾಗಿಯೇ ಜೋಡಣೆಯಾಗಿವೆ. ಸಹಾಯಕರು ಮೊದಲು ಸಾಲು ಕೇಳಬೇಕು: ಸ್ವರವೇ, ಕ ಸಾಲೇ, ಚ ಸಾಲೇ, ಟ ಸಾಲೇ, ತ ಸಾಲೇ, ಪ ಸಾಲೇ, ಯ ಸಾಲೇ? ಸಾಲು ಸಿಕ್ಕ ಮೇಲೆ ಅಕ್ಷರ, ಆಮೇಲೆ ಗುಣಿತ. 'ನೀರು' ಎನ್ನಲು ತ ಸಾಲಿನ 'ನ', ಅದಕ್ಕೆ 'ಈ' ಗುಣಿತ, ನಂತರ ಯ ಸಾಲಿನ 'ರ', ಅದಕ್ಕೆ 'ಉ' ಗುಣಿತ. ಎರಡನೇ ಅಕ್ಷರಕ್ಕೇ ಪದ ಊಹೆಗೆ ಸಿಗುವುದುಂಟು. ಆಗಲೂ 'ನೀರಾ?' ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಸಾಧನ ಕೊಟ್ಟರೆ ಮಾತು ಬರುವುದು ನಿಲ್ಲುತ್ತದೆಯೇ?

ಪೋಷಕರ ಮೊದಲ ಭಯ ಇದೇ. 'ಬೆರಳು ತೋರಿಸಿದರೆ ಸಿಗುತ್ತದೆ ಅಂದಮೇಲೆ ಮಗು ಬಾಯಿ ಯಾಕೆ ಬಿಡುತ್ತದೆ' ಎಂದು ಮನೆಯ ಹಿರಿಯರೂ ಹೇಳುತ್ತಾರೆ. 2006ರಲ್ಲಿ ಪ್ರಕಟವಾದ ಸಂಶೋಧನಾ ವಿಮರ್ಶೆಯೊಂದು, ಎಚ್ಚರಿಕೆಯಿಂದ ನಡೆದ ಅಧ್ಯಯನಗಳಲ್ಲಿನ 27 ವ್ಯಕ್ತಿಗಳ ವಿವರ ಪರಿಶೀಲಿಸಿತು. ಎಎಸಿ ಬಳಸಿದ ಮೇಲೆ ಒಬ್ಬರಲ್ಲೂ ಮಾತು ಕಡಿಮೆಯಾಗಿರಲಿಲ್ಲ. ಶೇ 89 ಮಂದಿಯಲ್ಲಿ ಮಾತು ಸ್ವಲ್ಪವಾದರೂ ಹೆಚ್ಚಿತ್ತು, ಉಳಿದವರಲ್ಲಿ ಬದಲಾವಣೆ ಇರಲಿಲ್ಲ. ಸಾಧನದಿಂದ ಮಾತು ಬಂದೇ ಬರುತ್ತದೆ ಎಂದು ಇದರರ್ಥವಲ್ಲ. ಸಾಧನದಿಂದ ಮಾತು ಕೆಡುತ್ತದೆ ಎಂಬ ಭಯಕ್ಕೆ ಆಧಾರ ಇಲ್ಲ ಎಂಬುದು ಸ್ಪಷ್ಟ.

'ಇನ್ನೂ ಒಂದು ವರ್ಷ ನೋಡೋಣ' ಎಂದು ಕಾಯುವುದರಿಂದ ನಷ್ಟವಿದೆ. ಬೇಕು ಬೇಡ ಹೇಳಲಾಗದ ಮಗು ಕಿರುಚುತ್ತದೆ, ಕಚ್ಚುತ್ತದೆ, ತಲೆ ಬಡಿದುಕೊಳ್ಳುತ್ತದೆ. ಇದನ್ನು ಹಟ ಎಂದುಕೊಳ್ಳುವವರೇ ಹೆಚ್ಚು. ಹೇಳುವ ದಾರಿ ಸಿಕ್ಕರೆ ಇದು ಕಡಿಮೆಯಾಗುವುದುಂಟು. ಸಾಧನ ಶುರು ಮಾಡಲು ಇಷ್ಟು ಬುದ್ಧಿಮಟ್ಟ, ಇಷ್ಟು ವಯಸ್ಸು ಎಂಬ ಷರತ್ತೂ ಇಲ್ಲ. ಥೆರಪಿ ಮತ್ತು ಸಾಧನ ಒಟ್ಟಿಗೆ ಸಾಗಬಹುದು. ಮೋಟಾರ್ ನ್ಯೂರಾನ್ ಕಾಯಿಲೆ ಇರುವವರಂತೂ ಮಾತು ಇರುವಾಗಲೇ ಸಾಧನ ಕಲಿತು, ತಮ್ಮ ಮುಖ್ಯ ಮಾತುಗಳನ್ನು ಸ್ವಂತ ಧ್ವನಿಯಲ್ಲಿ ಮುದ್ರಿಸಿಟ್ಟುಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ಬಳಸುವ ಬಗೆ

* ಮೊದಲು ನೀವು ಬಳಸಿ. ಮಾತನಾಡುತ್ತಾ ಫಲಕದ ಚಿತ್ರವನ್ನೂ ಮುಟ್ಟಿ ತೋರಿಸಿ. ಮಾತನಾಡುವ ಮಗು ಕೂಡ ಒಂದು ವರ್ಷ ಕೇಳಿದ ಮೇಲೇ ಮೊದಲ ಪದ ಆಡುವುದು. ಸಾಧನಕ್ಕೂ ಅಷ್ಟೇ ತಾಳ್ಮೆ ಬೇಕು.
* ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಡುವೆ ಬಾಯಿ ಹಾಕಬೇಡಿ.
* ಸಾಧನ ಸದಾ ಕೈಗೆಟುಕಲಿ. ಶಿಕ್ಷೆಯೆಂದು ಕಸಿದುಕೊಳ್ಳುವುದು ಒಬ್ಬರ ಬಾಯಿ ಮುಚ್ಚಿದಂತೆ.
* ಬರೀ ತಿಂಡಿಯ ಚಿತ್ರಗಳನ್ನೇ ಇಡಬೇಡಿ. ತಮಾಷೆ, ದೂರು, ಕೋಪ, 'ನನಗೆ ಇಷ್ಟವಿಲ್ಲ', 'ಸುಮ್ಮನಿರು' ಎಂಬುವೂ ಇರಲಿ.
* ದೇಹದ ಭಾಗಗಳ ಹೆಸರು, 'ನೋವು', 'ಯಾರೋ ಮುಟ್ಟಿದರು' ಎಂಬ ಚಿತ್ರಗಳು ಕಡ್ಡಾಯವಾಗಿರಲಿ. ದೂರು ಹೇಳಲಾಗದವರ ಮೇಲೆ ದೌರ್ಜನ್ಯ ನಡೆದರೆ ಹೊರಬರುವುದು ಕಷ್ಟ.
* 'ಬೇಡ' ಎಂದು ಒತ್ತಿದಾಗ, ಸಾಧ್ಯವಿರುವಲ್ಲೆಲ್ಲ ಅದನ್ನು ಒಪ್ಪಿ. ಹೇಳಿದ್ದು ನಡೆಯದಿದ್ದರೆ ಯಾರೂ ಹೇಳುವುದನ್ನು ಮುಂದುವರಿಸುವುದಿಲ್ಲ.

ಎಚ್ಚರ ಇರಲಿ

ಸಹಾಯಕರು ವ್ಯಕ್ತಿಯ ಕೈ ಅಥವಾ ಮೊಣಕೈ ಹಿಡಿದು ಅಕ್ಷರಗಳನ್ನು ಒತ್ತಿಸುವ ವಿಧಾನ ಒಂದಿದೆ. 'ಫೆಸಿಲಿಟೇಟೆಡ್ ಕಮ್ಯುನಿಕೇಷನ್' ಎಂದು ಅದರ ಹೆಸರು. ಪರೀಕ್ಷೆಗಳಲ್ಲಿ, ಆ ಬರಹ ವ್ಯಕ್ತಿಯದ್ದಲ್ಲ, ಸಹಾಯಕರಿಗೇ ತಿಳಿಯದಂತೆ ಅವರಿಂದ ಬಂದದ್ದು ಎಂದು ಕಂಡುಬಂದಿದೆ. ಅಮೆರಿಕದ ಸ್ಪೀಚ್ ಥೆರಪಿಸ್ಟ್‌ಗಳ ಸಂಘಟನೆ 'ಆಶಾ' 2018ರಲ್ಲಿ ಇದನ್ನು ಬಳಸಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಸಾಧನವನ್ನು ವ್ಯಕ್ತಿ ಸ್ವತಂತ್ರವಾಗಿ, ಬೇರೆಯವರು ಕೈ ಹಿಡಿಯದೆ ಬಳಸುವಂತಿರಬೇಕು. ಇಷ್ಟು ದಿನದಲ್ಲಿ ಮಾತು ಬರಿಸುತ್ತೇವೆ ಎಂದು ಖಾತರಿ ಕೊಡುವವರಿಂದಲೂ ದೂರ ಇರುವುದು ಲೇಸು.

ಕಾನೂನು ಮತ್ತು ಸರ್ಕಾರಿ ನೆರವು

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಲಾಗಿದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಮಾತು ಮತ್ತು ಭಾಷೆಯ ವೈಕಲ್ಯ ಇದರಲ್ಲಿ ಸೇರಿವೆ. 'ಸಂವಹನ' ಎಂಬ ಪದದ ವ್ಯಾಖ್ಯೆಯಲ್ಲೇ ಪೂರಕ ಮತ್ತು ಪರ್ಯಾಯ ವಿಧಾನಗಳನ್ನು ಸೇರಿಸಲಾಗಿದೆ. ಮಾತಿನ ತೊಂದರೆ ಇರುವ ವಿದ್ಯಾರ್ಥಿಗಳ ದಿನನಿತ್ಯದ ಅಗತ್ಯಕ್ಕೆ ಇಂಥ ವಿಧಾನಗಳ ಬಳಕೆಯನ್ನು ಪ್ರೋತ್ಸಾಹಿಸಬೇಕು ಎಂದು ಶಿಕ್ಷಣಕ್ಕೆ ಸಂಬಂಧಿಸಿದ 17ನೇ ಸೆಕ್ಷನ್ ಹೇಳುತ್ತದೆ. ತರಗತಿಯಲ್ಲಿ ಸಾಧನಕ್ಕೆ ಅವಕಾಶ ಕೊಡದ ಶಾಲೆಗೆ ಇದನ್ನು ತೋರಿಸಬಹುದು.

ನೆರವು ಪಡೆಯಲು ಮೊದಲು ಮಾಡಿಸಬೇಕಾದ್ದು ಯುಡಿಐಡಿ ಕಾರ್ಡ್. ಇದು ಇಡೀ ದೇಶಕ್ಕೆ ಅನ್ವಯಿಸುವುದರಿಂದ ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗವಾಗುವ ಕುಟುಂಬಗಳಿಗೆ ಅನುಕೂಲ. ಸಹಾಯಕ ಸಾಧನಗಳಿಗಾಗಿ ಕೇಂದ್ರ ಸರ್ಕಾರದ 'ಅಡಿಪ್' ಯೋಜನೆ ಇದೆ, ಅದಕ್ಕೆ ಆದಾಯ ಮಿತಿ ಅನ್ವಯಿಸುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದ್ದು, ಥೆರಪಿ ವೆಚ್ಚವೂ ಸೇರಿದೆ.

ಎಲ್ಲಿ ವಿಚಾರಿಸಬೇಕು?

* ಮುಂಬೈ, ಪುಣೆ: ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆ, ಅಡಾಪ್ಟ್.
* ಹೈದರಾಬಾದ್: ಸಿಕಂದರಾಬಾದ್‌ನಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಅಲ್ಲೇ ಇರುವ ಬೌದ್ಧಿಕ ವೈಕಲ್ಯದ ರಾಷ್ಟ್ರೀಯ ಸಂಸ್ಥೆ.
* ಚೆನ್ನೈ: ಮುಟ್ಟುಕಾಡುವಿನಲ್ಲಿರುವ ಬಹುವಿಧ ವೈಕಲ್ಯದ ರಾಷ್ಟ್ರೀಯ ಸಂಸ್ಥೆ, ವಿದ್ಯಾಸಾಗರ್.
* ದೆಹಲಿ: ನೊಯ್ಡಾದಲ್ಲಿರುವ ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಆಟಿಸಂ ಬಗ್ಗೆ ಆ್ಯಕ್ಷನ್ ಫಾರ್ ಆಟಿಸಂ.
* ಕನ್ನಡದಲ್ಲೇ ತಪಾಸಣೆ ಬೇಕಿದ್ದರೆ: ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ಊರಿಗೆ ಹೋಗುವ ರಜೆಗೆ ಸರಿಹೊಂದುವಂತೆ ಮೊದಲೇ ವಿಚಾರಿಸಿ ಹೋಗುವುದು ಒಳ್ಳೆಯದು.

ಥೆರಪಿಸ್ಟ್‌ರನ್ನು ಕಾಣುವಾಗ ಮೂರು ಪ್ರಶ್ನೆ ಕೇಳಿ. ಯಾವ ಸಾಧನವನ್ನು ಕೊಳ್ಳುವ ಮುನ್ನ ಬಳಸಿ ನೋಡಬಹುದು? ಅದರಲ್ಲಿ ಕನ್ನಡದ ಪದ ಮತ್ತು ಧ್ವನಿ ನಾವೇ ಸೇರಿಸಬಹುದೇ? ಮನೆಯ ಎಲ್ಲರಿಗೂ ಅದನ್ನು ಬಳಸಲು ಯಾರು ಕಲಿಸುತ್ತಾರೆ? ಉತ್ತರ ಸಿಗುವವರೆಗೆ ಕಾಯಬೇಕಾಗಿಲ್ಲ. ಬೇಕು, ಬೇಡ, ನೋವು, ಸಾಕು ಎಂಬ ನಾಲ್ಕು ಚೌಕಗಳ ಹಾಳೆಯಿಂದ ಇಂದೇ ಶುರು ಮಾಡಬಹುದು.